ಚಿರತೆಗೆ ಚುಕ್ಕಿ ಇಟ್ಟವರು ಯಾರು?

ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲ. 1896ರ ಡಿಸೆಂಬರಿನಲ್ಲಿ ಜೂಲಿಯಸ್ ಟ್ಯೂರಿಂಗ್ ಎಂಬ ತರುಣ ಅಧಿಕಾರಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದರು. ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಿ ಊರೂರು ಸುತ್ತಿದರು. ಮುಂದೆ ರಜೆಯ ಮೇಲೆ ಹೊರಟಾಗ ಹಡಗಿನಲ್ಲಿ ಪರಿಚಯವಾದ ಈಥೆಲ್ ಸಾರಾ ಸ್ಟೋನಿಯನ್ನು 1907ರಲ್ಲಿ ಮದುವೆಯಾದರು. ಆಕೆ ಹುಟ್ಟಿದ್ದು ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್; ತುಂಗಭದ್ರೆಗೆ ಸೇತುವೆ ಕಟ್ಟಿಸಿದವರು. ಸದ್ದು ಮಾಡದ ಪಂಖಾ ಗಾಲಿಯೊಂದನ್ನೂ ಕಂಡುಹಿಡಿದು ಪೇಟೆಂಟ್ ಪಡೆದಿದ್ದರು. ಬಳ್ಳಾರಿಯ ಬೇಸಿಗೆ ಕಂಡವರಿಗೆ ಅದರ ಬೆಲೆ ಗೊತ್ತು.

ಈ ದಂಪತಿಯ ಎರಡನೇ ಮಗ ಅಲನ್, 1912ರ ಜೂನ್ 23ರಂದು ಲಂಡನ್ನಿನಲ್ಲಿ ಹುಟ್ಟಿದ. (ಇಷ್ಟು ದೊಡ್ಡ ವಿಜ್ಞಾನಿಯನ್ನು ‘ಹುಟ್ಟಿದ’ ಎನ್ನಬಹುದೇ ಎಂದು ನಿಮ್ಮ ಕನ್ನಡ ತರಗತಿಯ ಮೇಡಂ ಕೇಳಿದರೆ, ನಮ್ಮೂರ ಕಡೆಯ ಹುಡುಗ, ಸಲಿಗೆ ಇದೆ ಎಂದು ಹೇಳಿ.) ಹದಿನೈದು ತಿಂಗಳ ಮಗುವನ್ನು ಅಣ್ಣ ಜಾನ್ ಜೊತೆ ಇಂಗ್ಲೆಂಡಿನ ಕಡಲ ತೀರದ ಊರೊಂದರಲ್ಲಿ ಪರಿಚಿತರ ಮನೆಯಲ್ಲಿ ಬಿಟ್ಟು ತಾಯಿಯೂ ಭಾರತಕ್ಕೆ ಹಿಂತಿರುಗಿದರು. ನಿಮಗೆ ಅಜ್ಜ ಅಜ್ಜಿ ದೂರ. ಅಲನ್‌ಗೆ ಅಪ್ಪ ಅಮ್ಮನೇ ದೂರ. ವಾಟ್ಸಾಪ್ ಕಾಲ್ ಇರಲಿಲ್ಲ. ಕಾಗದ ಬರೆದರೆ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ.

ಹುಡುಗನಿಗೆ ಒಂದು ಚಟವಿತ್ತು. ಎಲ್ಲರೂ ನೋಡಿ ಸುಮ್ಮನಾಗುವ ಸಂಗತಿಯ ಮುಂದೆ ಅವನು ನಿಂತುಬಿಡುತ್ತಿದ್ದ. 1923ರಲ್ಲಿ ತಾಯಿ ಅವನ ಚಿತ್ರವೊಂದನ್ನು ಬರೆದಿದ್ದಾರೆ. ಮೈದಾನದಲ್ಲಿ ಮಕ್ಕಳೆಲ್ಲ ಹಾಕಿ ಆಡುತ್ತಿದ್ದಾರೆ. ಅಲನ್ ಕೈಯಲ್ಲಿ ಹಾಕಿ ಕೋಲು ಹಿಡಿದೇ ಬಗ್ಗಿ ಡೈಸಿ ಹೂಗಳನ್ನು ನೋಡುತ್ತಿದ್ದಾನೆ. ಆ ಹೂವಿನ ಕಡೆಗೆ ಆಮೇಲೆ ಬರೋಣ.

ಅವನನ್ನು ಜೀವನವಿಡೀ ಕಾಡಿದ್ದು ಒಂದೇ ಪ್ರಶ್ನೆ ಎಂದು ನನಗೆ ಅನಿಸುತ್ತದೆ. ಬುದ್ಧಿ ಓಡಿಸದೆ, ಸಣ್ಣ ಸಣ್ಣ ನಿಯಮಗಳನ್ನು ಪಾಲಿಸುತ್ತಾ ಹೋದರೆ ಎಲ್ಲಿಯವರೆಗೆ ಹೋಗಬಹುದು?

ಊರಿಗೆ ಹೋದಾಗ ಅಜ್ಜಿಯ ಜೊತೆ ಅಳಗುಳಿ ಮಣೆ ಆಡಿದ್ದೀರಲ್ಲ, ಮಂಗಳೂರಿನ ಕಡೆಯವರಾದರೆ ಚೆನ್ನೆಮಣೆ? ಈಗ ಗುಳಿಗಳೆಲ್ಲ ಒಂದೇ ಸಾಲಿನಲ್ಲಿವೆ, ಸಾಲಿಗೆ ಕೊನೆಯೇ ಇಲ್ಲ ಎಂದುಕೊಳ್ಳಿ. ಒಂದೊಂದು ಗುಳಿಯಲ್ಲಿ ಒಂದು ಹುಣಸೆ ಬೀಜ ಇರಬಹುದು, ಇಲ್ಲದಿರಬಹುದು. ಆಡುವವನಿಗೆ ಕಾಣುವುದು ಕೈ ಕೆಳಗಿನ ಒಂದು ಗುಳಿ ಮಾತ್ರ. ತೊಡೆಯ ಮೇಲೆ ನಿಯಮಗಳ ಪಟ್ಟಿ: ಬೀಜ ಇದ್ದರೆ ತೆಗೆದು ಬಲಕ್ಕೆ ಸರಿ, ನಾಲ್ಕನೇ ನಿಯಮಕ್ಕೆ ಹೋಗು, ಇಲ್ಲದಿದ್ದರೆ ಒಂದು ಬೀಜ ಇಟ್ಟು ಎಡಕ್ಕೆ ಸರಿ. ಅಷ್ಟೇ. 1936ರಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಕೇಂಬ್ರಿಜ್‌ನಲ್ಲಿದ್ದ ಅಲನ್ ಬರೆದ ಪ್ರಬಂಧದಲ್ಲಿ ಹೆಚ್ಚುಕಡಿಮೆ ಇಂಥದೇ ಯಂತ್ರವಿದೆ. ಗುಳಿಗಳ ಬದಲು ಉದ್ದನೆಯ ಕಾಗದದ ಪಟ್ಟಿ. ಆಗ ‘ಕಂಪ್ಯೂಟರ್’ ಎಂದರೆ ಕೂತು ಲೆಕ್ಕ ಮಾಡುವ ಮನುಷ್ಯ. ನಿಯಮ ಹಿಡಿದು ಮನುಷ್ಯ ಮಾಡಬಲ್ಲ ಲೆಕ್ಕವನ್ನೆಲ್ಲ ಈ ಪೆದ್ದು ಯಂತ್ರವೂ ಮಾಡಬಲ್ಲದು ಎಂದು ಅವನು ವಾದಿಸಿದ.

ಇನ್ನೊಂದು ಹೆಜ್ಜೆ ಮುಂದೆ ಹೋದ. ತೊಡೆಯ ಮೇಲಿನ ನಿಯಮದ ಪಟ್ಟಿಯನ್ನೂ ಬೀಜಗಳ ಲಿಪಿಯಲ್ಲಿ ಗುಳಿಗಳಲ್ಲೇ ಬರೆದಿಡಬಹುದಲ್ಲ! ಹಾಗೆ ಮಾಡಿದರೆ ಆಟಕ್ಕೊಂದು ಯಂತ್ರ ಬೇಡ. ಪಟ್ಟಿ ಓದಿಕೊಂಡು ಯಾವ ಆಟವನ್ನಾದರೂ ಆಡುವ ಒಂದೇ ಯಂತ್ರ ಸಾಕು. ನಿಮ್ಮ ಅಮ್ಮನ ಫೋನ್ ಬೆಳಿಗ್ಗೆ ಅಲಾರಂ, ಮಧ್ಯಾಹ್ನ ನಕ್ಷೆ, ಸಂಜೆ ಸಂಗೀತದ ಕ್ಲಾಸಿಗೆ ಶ್ರುತಿಪೆಟ್ಟಿಗೆ ಆಗುವುದರ ಹಿಂದಿನ ಗುಟ್ಟು ಇದೇ.

ಅದೇ ಪ್ರಬಂಧದಲ್ಲಿ ಇಂಥ ಯಂತ್ರಕ್ಕೆ ಏನು ಸಾಧ್ಯವಿಲ್ಲ ಎಂಬುದನ್ನೂ ತೋರಿಸಿದ. ನನಗೆ ಹೆಚ್ಚು ಇಷ್ಟ ಇದೇ. ಕಣಜಕ್ಕೆ ಗುಬ್ಬಿ ಬಂದು ಒಂದು ಕಾಳು ತೆಗೆದುಕೊಂಡು ಹೋಯಿತು, ಇನ್ನೊಂದು ಗುಬ್ಬಿ ಬಂದು ಇನ್ನೊಂದು ಕಾಳು... ಎಂಬ ಮುಗಿಯದ ಕಥೆಯನ್ನು ಅಪ್ಪ ಹೇಳಿರಬೇಕು. ಕೆಲವು ಯಂತ್ರಗಳೂ ಹಾಗೇ, ನಿಲ್ಲುವುದೇ ಇಲ್ಲ. ಯಾವುದು ನಿಲ್ಲುತ್ತದೆ, ಯಾವುದು ಗುಬ್ಬಿ ಕಥೆ ಎಂದು ಮೊದಲೇ ಹೇಳುವ ಜ್ಯೋತಿಷಿ ಯಂತ್ರ ಇದೆ ಎನ್ನೋಣ. ಅದರ ಪಕ್ಕಕ್ಕೆ ಒಂದು ತರಲೆ ಯಂತ್ರ ಕೂರಿಸಿ. ಅದು ತನ್ನ ಭವಿಷ್ಯವನ್ನೇ ಜ್ಯೋತಿಷಿಗೆ ಕೇಳುತ್ತದೆ. ‘ನಿಲ್ಲುತ್ತೀಯ’ ಎಂದರೆ ಓಡುತ್ತಲೇ ಇರುತ್ತದೆ, ‘ನಿಲ್ಲುವುದಿಲ್ಲ’ ಎಂದರೆ ತಕ್ಷಣ ನಿಲ್ಲುತ್ತದೆ. ಜ್ಯೋತಿಷಿ ಏನು ಹೇಳಿದರೂ ಸುಳ್ಳಾಯಿತು! ಹಾಗಾಗಿ ಅಂಥ ಜ್ಯೋತಿಷಿ ಇರಲು ಸಾಧ್ಯವೇ ಇಲ್ಲ. ಎಷ್ಟೇ ವೇಗದ ಕಂಪ್ಯೂಟರ್ ಬಂದರೂ ಈ ಮಿತಿ ಹಾಗೆಯೇ ಇರುತ್ತದೆ.

ಎರಡನೇ ಮಹಾಯುದ್ಧದ ಕಥೆಯನ್ನು ಸಿನಿಮಾದಲ್ಲಿ ನೋಡಿರುತ್ತೀರಿ, ಚುಟುಕಾಗಿ ಹೇಳುತ್ತೇನೆ. ಜರ್ಮನ್ ಸೇನೆ ಸಂದೇಶಗಳನ್ನು ಎನಿಗ್ಮಾ ಎಂಬ ಯಂತ್ರದಲ್ಲಿ ಗುಪ್ತಲಿಪಿಗೆ ತಿರುಗಿಸಿ ಕಳಿಸುತ್ತಿತ್ತು. ಅದನ್ನು ಹೊಂದಿಸುವ ಬಗೆಗಳು ಸುಮಾರು 159ರ ಮುಂದೆ ಹದಿನೆಂಟು ಸೊನ್ನೆ. ಆದರೆ ಎನಿಗ್ಮಾದಲ್ಲಿ ಒಂದು ದೋಷ: ಯಾವ ಅಕ್ಷರ ಒತ್ತಿದರೂ ಅದೇ ಅಕ್ಷರವಾಗಿ ಹೊರಬರುತ್ತಿರಲಿಲ್ಲ. ಸಂದೇಶದಲ್ಲಿ ಇರಬಹುದಾದ ಪದವೊಂದನ್ನು ಊಹಿಸಿ, ಈ ದೋಷದ ಸಹಾಯದಿಂದ ಅದು ಎಲ್ಲಿ ಕೂರುವುದಿಲ್ಲ ಎಂದು ತಳ್ಳಿಹಾಕುತ್ತ ಬರಬಹುದಿತ್ತು. ಪೋಲೆಂಡಿನ ಗಣಿತಜ್ಞರು ಆಗಲೇ ದಾರಿ ತೋರಿಸಿದ್ದರು. ಅವರನ್ನು ಮರೆಯುವುದು ನ್ಯಾಯವಲ್ಲ. ಇಂಗ್ಲೆಂಡಿನ ಗುಪ್ತಲಿಪಿ ಒಡೆಯುವ ಕೇಂದ್ರವಾದ ಬ್ಲೆಚ್ಲೀ ಪಾರ್ಕಿನಲ್ಲಿ ಅಲನ್ ರೂಪಿಸಿ, ಗೆಳೆಯ ಗಾರ್ಡನ್ ವೆಲ್ಚ್‌ಮನ್ ಸುಧಾರಿಸಿದ ‘ಬಾಂಬ್’ ಎಂಬ ಯಂತ್ರ 1940ರಲ್ಲಿ ಕೆಲಸ ಶುರುಮಾಡಿತು. ಹೆಸರು ಮಾತ್ರ ಬಾಂಬ್, ಸಿಡಿಯುವಂಥದಲ್ಲ. ಅವುಗಳನ್ನು ನಡೆಸಿದವರಲ್ಲಿ ಹೆಚ್ಚಿನವರು ನೌಕಾಪಡೆಯ ತರುಣಿಯರು. ಅಲನ್ ಅಲ್ಲಿ ಹೂವಿನ ಪರಾಗದ ಅಲರ್ಜಿಗೆ ಹೆದರಿ ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದ, ಚಹಾ ಕುಡಿಯುವ ಮಗ್ಗನ್ನು ಯಾರೂ ಒಯ್ಯದಂತೆ ಸರಪಳಿ ಹಾಕಿ ಬೀಗ ಜಡಿಯುತ್ತಿದ್ದ.

ಈಗ ಹೂವಿನ ಕಡೆಗೆ ಹೊರಡೋಣ, ದಾರಿಯಲ್ಲಿ ಮೊದಲು ಚಿರತೆ ಸಿಗುತ್ತದೆ. 1952ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ವಿಷಯ ಕಂಪ್ಯೂಟರ್ ಅಲ್ಲ. ಎಲ್ಲ ಕಡೆ ಒಂದೇ ಥರ ಇರುವ ಪುಟ್ಟ ಉಂಡೆಯಂಥ ಭ್ರೂಣದಲ್ಲಿ ಇಲ್ಲಿ ಪಟ್ಟೆ, ಅಲ್ಲಿ ಚುಕ್ಕಿ ಹೇಗೆ ಮೂಡುತ್ತದೆ? ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಡಲು ಅಮ್ಮ ಇದ್ದಾರೆ. ಚಿರತೆಗೆ ಚುಕ್ಕಿ ಇಟ್ಟವರು ಯಾರು?

ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಹಾಲ್ ನೆನಪಿಸಿಕೊಳ್ಳಿ. ವೇದಿಕೆಯ ಮೇಲೆ ನಾಟಕ. ಎಲ್ಲೋ ಒಬ್ಬ ಆಂಟಿ ಪಕ್ಕದವರ ಜೊತೆ ಮಾತು ಶುರುಮಾಡುತ್ತಾರೆ. ಮಾತು ಮಾತನ್ನು ಹುಟ್ಟಿಸುತ್ತದೆ, ಆದರೆ ಕುರ್ಚಿಯಿಂದ ಕುರ್ಚಿಗೆ ನಿಧಾನವಾಗಿ ಹರಡುತ್ತದೆ. ಮಾತು ಜೋರಾದಲ್ಲಿ ‘ಶ್‌ಶ್!’ ಕೂಡ ಹುಟ್ಟುತ್ತದೆ. ಅದು ನಾಲ್ಕು ಸಾಲು ದೂರ ಸರ್ರನೆ ಹೋಗುತ್ತದೆ. ಕೊನೆಗೆ ಏನಾಗುತ್ತದೆ? ಇಲ್ಲೊಂದು ಹರಟೆಯ ಗುಂಪು, ಸುತ್ತ ಮೌನ. ಆ ಮೌನದ ಆಚೆ ಇನ್ನೊಂದು ಹರಟೆಯ ಗುಂಪು. ಯಾರೂ ಪ್ಲಾನ್ ಮಾಡಲಿಲ್ಲ, ಹಾಲ್ ತುಂಬ ಚುಕ್ಕಿ! ಅಲನ್ ಲೆಕ್ಕ ಹಾಕಿದ್ದು ಇಂಥದ್ದನ್ನೇ. ಮಾತಿನಂತೆ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುವ ಒಂದು ರಾಸಾಯನಿಕ, ‘ಶ್’ನಂತೆ ಅದನ್ನು ತಡೆಯುತ್ತ ಬೇಗ ಹರಡುವ ಇನ್ನೊಂದು. ಹರಡುವುದು ಎಂದರೆ ನೀರಿಗೆ ಬಿದ್ದ ಶಾಯಿಯ ಹನಿಯಂತೆ ಎಲ್ಲವನ್ನೂ ಒಂದೇ ಬಣ್ಣ ಮಾಡುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಹರಡುವುದರಿಂದಲೇ ಚಿತ್ತಾರ ಮೂಡಬಹುದು ಎಂದು ಅವನು ತೋರಿಸಿದ.

ಜೀವಶಾಸ್ತ್ರಜ್ಞರು ಇದನ್ನು ಬಹುಕಾಲ ಅನುಮಾನದಿಂದಲೇ ನೋಡಿದರು. 1990ರಲ್ಲಿ ಫ್ರಾನ್ಸಿನ ಪ್ರಯೋಗಾಲಯವೊಂದರಲ್ಲಿ ಬರೀ ರಾಸಾಯನಿಕಗಳಿಂದ ಇಂಥ ಚುಕ್ಕಿಗಳು ಎದ್ದವು. 1995ರಲ್ಲಿ ಜಪಾನಿನ ಕೊಂಡೊ ಮತ್ತು ಅಸಾಯ್ ಎಂಬ ವಿಜ್ಞಾನಿಗಳು, ಬೆಳೆಯುತ್ತಿರುವ ಏಂಜೆಲ್ ಮೀನಿನ ಪಟ್ಟೆಗಳು ಈ ಗಣಿತದಂತೆಯೇ ಕದಲುವುದನ್ನು ಕಂಡರು. 2023ರಲ್ಲಿ ನಮ್ಮ ಬೆರಳಚ್ಚಿನ ಗೆರೆಗಳಿಗೂ ಇದೇ ರೀತಿಯ ವಿವರಣೆ ಸಿಕ್ಕಿತು. ಹೆಬ್ಬೆರಳನ್ನು ನೋಡಿಕೊಳ್ಳಿ, ಟ್ಯೂರಿಂಗನ ಲೆಕ್ಕ ನಿಮ್ಮ ಕೈಯಲ್ಲೇ ಇದೆ.

ಅಲನ್‌ಗೆ ಭೌತಶಾಸ್ತ್ರದ ನಂಟೂ ಇತ್ತು, ಅದು ತಾಯಿಯ ಕಡೆಯಿಂದಲೇ ಬಂದದ್ದು. ‘ಎಲೆಕ್ಟ್ರಾನ್’ ಎಂಬ ಹೆಸರು ಕೊಟ್ಟ ಜಾರ್ಜ್ ಸ್ಟೋನಿ ಆಕೆಯ ದೂರದ ಸಂಬಂಧಿ. ಕೊನೆಯ ದಿನಗಳಲ್ಲಿ ಅಲನ್ ಕ್ವಾಂಟಮ್ ಲೋಕದ ವಿಚಿತ್ರವೊಂದನ್ನು ಗುರುತಿಸಿದ್ದ. ಸ್ಟ್ಯಾಚ್ಯೂ ಆಟದಲ್ಲಿ ಕಳ್ಳ ತಿರುಗಿ ನೋಡಿದಾಗ ಎಲ್ಲರೂ ಕಲ್ಲಾಗಬೇಕಲ್ಲ. ಅವನು ಪದೇ ಪದೇ ತಿರುಗುತ್ತಿದ್ದರೆ ಯಾರೂ ಮುಂದೆ ಬರುವಂತೆಯೇ ಇಲ್ಲ. ಪರಮಾಣುವನ್ನೂ ಹಾಗೆ ಮತ್ತೆ ಮತ್ತೆ ಅಳೆಯುತ್ತಿದ್ದರೆ ಅದು ಇದ್ದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. 1977ರಲ್ಲಿ ಬೈದ್ಯನಾಥ ಮಿಶ್ರ ಮತ್ತು ಕೇರಳದ ಜಾರ್ಜ್ ಸುದರ್ಶನ್ ಇದನ್ನು ಬಿಡಿಸಿ ಬರೆದು ಗ್ರೀಕ್ ತತ್ವಜ್ಞಾನಿ ಜೀನೋನ ಹೆಸರಿಟ್ಟರು. 1990ರಲ್ಲಿ ಅಮೆರಿಕದಲ್ಲಿ ಪ್ರಯೋಗದಿಂದಲೂ ಕಂಡಿತು.

ಇಷ್ಟಾದ ಮೇಲೆ ಒಂದು ಕಷ್ಟದ ಮಾತು. ಅಪ್ಪ ಅಮ್ಮಂದಿರೇ, ಈ ಪ್ಯಾರಾ ಹಾರಿಸಬೇಡಿ. ಅಲನ್ ಗಂಡಸರನ್ನು ಪ್ರೀತಿಸುತ್ತಿದ್ದ. ಆಗಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. 1952ರಲ್ಲಿ ಅವನ ಮೇಲೆ ಮೊಕದ್ದಮೆ ನಡೆಯಿತು. ಜೈಲಿನ ಬದಲು ಹಾರ್ಮೋನ್ ಔಷಧಿ ತೆಗೆದುಕೊಳ್ಳಬೇಕಾಯಿತು. ದೇಶದ ಗುಟ್ಟು ಕಾಯುವ ಕೆಲಸದಿಂದಲೂ ದೂರ ಇಟ್ಟರು. 1954ರ ಜೂನ್ 7ರಂದು, ನಲವತ್ತೊಂದನೇ ವಯಸ್ಸಿನಲ್ಲಿ, ಸಯನೈಡ್‌ನಿಂದ ತೀರಿಕೊಂಡ. ಆತ್ಮಹತ್ಯೆ ಎಂದು ವಿಚಾರಣೆ ಹೇಳಿತು. ಪ್ರಯೋಗದ ವೇಳೆಯ ಅವಘಡ ಎಂದೇ ತಾಯಿ ನಂಬಿದ್ದರು. ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ. ಅದೇ ಬ್ರಿಟಿಷರು ಭಾರತಕ್ಕೂ ಹೇರಿದ್ದ ಇಂಥದೇ ಕಾನೂನಿನ ಹಲ್ಲನ್ನು ನಮ್ಮ ಸುಪ್ರೀಂ ಕೋರ್ಟ್ ಕಿತ್ತಿದ್ದು 2018ರಲ್ಲಿ. ಈಗ ಅವನ ಮುಖ ಐವತ್ತು ಪೌಂಡಿನ ನೋಟಿನ ಮೇಲಿದೆ.

ಕೊನೆಗೂ ಹೂವಿಗೆ ಬಂದೆವು. ಸಾಯುವಾಗ ಅವನ ಮೇಜಿನ ಮೇಲೆ ಮುಗಿಯದ ಕೆಲಸವಿತ್ತು: ಗಿಡಗಳಲ್ಲಿ ಎಲೆ, ಬೀಜಗಳ ಸುರುಳಿ. ಸೂರ್ಯಕಾಂತಿಯ ಬೀಜಗಳು ಎಡಕ್ಕೂ ಬಲಕ್ಕೂ ಸುರುಳಿ ಸುತ್ತುತ್ತವೆ. ಎಣಿಸಿದರೆ ಹೆಚ್ಚಾಗಿ 34, 55, 89ರಂಥ ಸಂಖ್ಯೆಗಳು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. 2012ರಲ್ಲಿ ಅವನ ಜನ್ಮಶತಮಾನೋತ್ಸವಕ್ಕೆ ಮ್ಯಾಂಚೆಸ್ಟರಿನ ವಿಜ್ಞಾನ ವಸ್ತುಸಂಗ್ರಹಾಲಯದ ಕರೆಗೆ ಓಗೊಟ್ಟು ಮಕ್ಕಳು, ದೊಡ್ಡವರು ಸೂರ್ಯಕಾಂತಿ ಬೆಳೆದು ಎಣಿಸಿದರು. 657 ಹೂಗಳ ಲೆಕ್ಕ ಸಿಕ್ಕಿತು. ಹೆಚ್ಚಿನವು ಮಾತು ಕೇಳಿದವು, ಕೆಲವು ಕೇಳಲಿಲ್ಲ. ಆ ಕೆಲವು ಏಕೆ ಕೇಳಲಿಲ್ಲ ಎಂಬುದೇ ಈಗ ವಿಜ್ಞಾನಿಗಳಿಗೆ ಕುತೂಹಲ.

ಬಳ್ಳಾರಿ, ಕೊಪ್ಪಳ, ರಾಯಚೂರಿನ ಹೊಲಗಳಲ್ಲಿ ಸೂರ್ಯಕಾಂತಿ ಬೆಳೆಯುತ್ತಾರೆ. ಮುಂದಿನ ಸಲ ಆ ಕಡೆ ಹೋದಾಗ ಕಾರು ನಿಲ್ಲಿಸಿ ಎಂದು ಮಾವನಿಗೆ ಹೇಳಿ. ಹೊಲದವರನ್ನು ಕೇಳಿ ಒಂದು ಹೂ ತೆಗೆದುಕೊಳ್ಳಿ, ಸ್ಕೆಚ್ ಪೆನ್ನಿನಿಂದ ಒಂದೊಂದೇ ಸುರುಳಿಗೆ ಗುರುತು ಹಾಕುತ್ತ ಎಣಿಸಿ. ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿಂದ ಶುರುಮಾಡಿ.