ಮಹಿಳಾ ಬಾಸ್ಕೆಟ್‌ಬಾಲಿನ ಜನನಿ ಸೆಂಡಾ ಬೆರೆನ್ಸನ್

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಶಾಲಾ ಬಯಲಿನಲ್ಲಿ ಬಾಲಕಿಯರು ಖೋ-ಖೋ, ಥ್ರೋಬಾಲ್ ಆಡುವುದು ಇಂದು ಸಹಜವಾದ ನೋಟ. ಹೆಣ್ಣಿನ ದೇಹವು ಬಿರುಸಿನ ಆಟಕ್ಕೆ ತಕ್ಕುದಲ್ಲವೆಂಬ ನಂಬಿಕೆ ಪಾಶ್ಚಾತ್ಯ ದೇಶಗಳಲ್ಲಿಯೂ ಬಲವಾಗಿದ್ದ ಕಾಲವೊಂದಿತ್ತು. ಆ ನಂಬಿಕೆಯನ್ನು ಅಲುಗಿಸಿದವರಲ್ಲಿ ಸೆಂಡಾ ಬೆರೆನ್ಸನ್ ಅಗ್ರಗಣ್ಯರು.

ಆಕೆ 1868ರ ಮಾರ್ಚ್ 19ರಂದು, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಲಿಥುವೇನಿಯದ ಬುಟ್ರಿಮೋನಿಸ್ ಎಂಬ ಊರಿನ ಯಹೂದಿ ಮನೆತನದಲ್ಲಿ ಜನಿಸಿದರು. 1875ರಲ್ಲಿ ಕುಟುಂಬವು ಅಮೆರಿಕದ ಬಾಸ್ಟನ್ ನಗರವನ್ನು ಸೇರಿತು. ತಂದೆ ಊರೂರು ಸುತ್ತಿ ಸರಕು ಮಾರಿ ಸಂಸಾರ ಸಾಗಿಸಿದರು. ಅಣ್ಣ ಬರ್ನಾರ್ಡ್ ಮುಂದೆ ಇಟಲಿಯ ಚಿತ್ರಕಲೆಯ ವಿಮರ್ಶಕರಾಗಿ ಜಗತ್ಪ್ರಸಿದ್ಧರಾದರು. ಸೆಂಡಾ ಬಾಲ್ಯದಿಂದಲೂ ಅಶಕ್ತೆ. ಬೆನ್ನುನೋವಿನಿಂದಾಗಿ ಪಿಯಾನೊ ಅಭ್ಯಾಸವನ್ನೂ ತೊರೆಯಬೇಕಾಯಿತು. 1890ರಲ್ಲಿ ಆರೋಗ್ಯ ಸುಧಾರಣೆಗೆಂದೇ ಬಾಸ್ಟನ್ನಿನ ವ್ಯಾಯಾಮ ಶಿಕ್ಷಣ ಶಾಲೆಯನ್ನು ಸೇರಿದ ಆಕೆ, ಅಲ್ಲಿ ದೇಹಬಲದೊಡನೆ ಜೀವನದ ಕಾಯಕವನ್ನೂ ಕಂಡುಕೊಂಡರು.

1892ರ ಜನವರಿಯಲ್ಲಿ ನಾರ್ಥಾಂಪ್ಟನ್ನಿನ ಸ್ಮಿತ್ ಮಹಿಳಾ ಕಾಲೇಜಿನಲ್ಲಿ ವ್ಯಾಯಾಮ ಶಿಕ್ಷಕಿಯಾದರು. ಕೆಲವೇ ವಾರಗಳ ಹಿಂದೆ, ಸಮೀಪದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್‌ರು ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ್ದರು. ಅದನ್ನು ಸೆಂಡಾ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರ ಮಾರ್ಚ್ 22ರಂದು ಎರಡು ತರಗತಿಗಳ ನಡುವೆ ಪಂದ್ಯ ನಡೆಯಿತು. ಪುರುಷ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮೊದಲ ಚೆಂಡೆಸೆತದಲ್ಲಿಯೇ ಆಟಗಾರ್ತಿಯೊಬ್ಬಳ ಭುಜದ ಕೀಲು ತಪ್ಪಿತು. ಆದರೂ ಪಂದ್ಯ ನಿಲ್ಲಲಿಲ್ಲ. ಟೀಕಾಕಾರರ ಆಕ್ಷೇಪಕ್ಕೆ ಎಡೆಯಿರಬಾರದೆಂದು ಆಕೆ ನಿಯಮಗಳನ್ನು ಮಾರ್ಪಡಿಸಿದರು: ಅಂಗಣ ಮೂರು ಭಾಗವಾಯಿತು, ಆಟಗಾರ್ತಿಯರು ತಮ್ಮ ಭಾಗವನ್ನು ದಾಟುವಂತಿರಲಿಲ್ಲ, ಚೆಂಡನ್ನು ಕಸಿಯುವುದು ನಿಷಿದ್ಧವಾಯಿತು.

1911ರಲ್ಲಿ ಅದೇ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ಹರ್ಬರ್ಟ್ ವಾನ್ ಅಬಟ್‌ರನ್ನು ವಿವಾಹವಾಗಿ ಕಾಲೇಜನ್ನು ಬಿಟ್ಟರು. ಆದರೆ ಸಂಸಾರವು ಆಕೆಯ ಕಾಯಕಕ್ಕೆ ತೆರೆಯೆಳೆಯಲಿಲ್ಲ. ಬರ್ನ್‌ಹ್ಯಾಮ್ ಶಾಲೆಯಲ್ಲಿ 1921ರವರೆಗೆ ದೈಹಿಕ ಶಿಕ್ಷಣ ನೀಡಿದರು. ಪತಿಯ ನಿಧನಾನಂತರ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದಲ್ಲಿ ನೆಲೆಸಿ, 1954ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. 1985ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಕೀರ್ತಿಮಂದಿರವು ಆಕೆಯ ಹೆಸರನ್ನು ಸೇರಿಸಿಕೊಂಡು ಗೌರವಿಸಿತು.

ಹುಡುಗಿಯರಿಗೆ ಅಂಗಣ ದೊರಕಿಸಲೆಂದು ಆಕೆ ಎಳೆದ ಗೆರೆಗಳೇ ಕಾಲಾಂತರದಲ್ಲಿ ಅವರ ಓಟಕ್ಕೆ ತಡೆಯಾದುದನ್ನೂ ಮರೆಯಲಾಗದು. ಅಮೆರಿಕದ ಕಾಲೇಜು ಮಹಿಳೆಯರು ಇಡೀ ಅಂಗಣದಲ್ಲಿ ಐವರ ತಂಡವಾಗಿ ಆಡತೊಡಗಿದುದು 1971ರಲ್ಲಿ. ರಕ್ಷಣೆಗೆಂದು ಮಾಡಿದ ನಿಯಮವನ್ನು ಕಾಲಕಾಲಕ್ಕೆ ಪರಿಶೀಲಿಸುವುದು ಶಿಕ್ಷಕರ ಹೊಣೆ. ಆದರೆ ಮೊದಲು ಅಂಗಣವೇ ಬೇಕು. ಸೆಂಡಾರ ಉತ್ಸಾಹಕ್ಕೆ ಕಾಲೇಜೊಂದು ವ್ಯಾಯಾಮಶಾಲೆಯನ್ನು ಒದಗಿಸಿದ್ದರಿಂದಲೇ ಆ ಆಟ ಬೇರೂರಿತು. ವಿದ್ಯಾದಾಸೋಹಕ್ಕೆ ಕೈನೀಡುವ ದಾನಿಗಳು ಕೊಠಡಿಗಳೊಂದಿಗೆ ಬಾಲಕಿಯರ ಆಟದ ಬಯಲನ್ನೂ ನೆನೆದರೆ ಆ ದಾಸೋಹ ಪೂರ್ಣವಾದೀತು.