ಸ್ಫೋಟದ ಗುಟ್ಟು ತಿಳಿಸಿದ ಪ್ರೊ. ಹಿನ್ಶೆಲ್‌ವುಡ್

ಸಿರಿಲ್ ಹಿನ್ಶೆಲ್‌ವುಡ್‌ರವರು 1897ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಮೊದಲ ಮಹಾಯುದ್ಧದಲ್ಲಿ ಸ್ಫೋಟಕಗಳ ಕಾರ್ಖಾನೆಯಲ್ಲಿ ದುಡಿದರು. ಹಿಂಸೆಗೆಂದು ತಯಾರಾಗುತ್ತಿದ್ದ ಮದ್ದೇ ಅವರ ವಿದ್ಯೆಗೆ ಮೊದಲ ಪಾಠವಾಯಿತು. ಬಳಿಕ ಆಕ್ಸ್‌ಫರ್ಡ್‌ನಲ್ಲಿ ಓದಿ, 1937ರಲ್ಲಿ ಅಲ್ಲೇ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು.

ಹೈಡ್ರೋಜನ್, ಆಕ್ಸಿಜನ್ ಬೆರೆಸಿ ಕಾಯಿಸಿದಾಗ ಅವರು ಕಂಡದ್ದು ವಿಚಿತ್ರ. ಒತ್ತಡ ತೀರಾ ಕಡಿಮೆಯಿದ್ದರೆ ಸ್ಫೋಟವಿಲ್ಲ. ಸ್ವಲ್ಪ ಏರಿಸಿದರೆ ಸಿಡಿಯುತ್ತದೆ. ಇನ್ನಷ್ಟು ಏರಿಸಿದರೆ ಮತ್ತೆ ಶಾಂತ! ಒಂದು ಕ್ರಿಯೆ ಮುಂದಿನದನ್ನು ಹುಟ್ಟಿಸುತ್ತಾ ಸರಪಳಿಯಂತೆ ಕವಲೊಡೆಯುತ್ತದೆ. ಒತ್ತಡ ಕಡಿಮೆಯಾದಾಗ ಪಾತ್ರೆಯ ಗೋಡೆಗೆ ತಾಗಿ, ಹೆಚ್ಚಾದಾಗ ಅನಿಲದೊಳಗಿನ ಢಿಕ್ಕಿಗಳಿಂದ ಆ ಸರಪಳಿ ತುಂಡಾಗುತ್ತದೆ ಎಂದು ವಿವರಿಸಿದರು.

ರಷ್ಯಾದ ನಿಕೊಲಾಯ್ ಸೆಮ್ಯೊನೊವ್‌ರವರೂ ಇದೇ ದಾರಿಯಲ್ಲಿದ್ದರು. ಎರಡೂ ದೇಶಗಳ ನಡುವೆ ಶೀತಲಯುದ್ಧ ನಡೆದಿದ್ದರೂ 1956ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ಹಲವು ಭಾಷೆ ಬಲ್ಲ, ಚಿತ್ರವನ್ನೂ ಬರೆಯುತ್ತಿದ್ದ ಈ ಅವಿವಾಹಿತ ಪ್ರಾಧ್ಯಾಪಕರು 1967ರಲ್ಲಿ ನಿಧನರಾದರು.