ಓಲೆಗಳು ಉಳಿಸಿದ ಕೀರ್ತಿ

ಆಸ್ಟ್ರೇಲಿಯಾದ ಉಣ್ಣೆ ಉದ್ಯಮಕ್ಕೆ ಜಾನ್ ಮೆಕಾರ್ಥರರೇ ಜನಕರೆಂಬುದು ಬಹುಕಾಲದ ಪ್ರಸಿದ್ಧಿ. 1966ರಿಂದ 1988ರವರೆಗೆ ಆ ದೇಶದ ಎರಡು ಡಾಲರ್ ನೋಟಿನ ಮೇಲೆ ಅವರ ಚಿತ್ರವೇ ಅಚ್ಚಾಗುತ್ತಿತ್ತು. ಅವರ ಧರ್ಮಪತ್ನಿ ಎಲಿಜಬೆತ್ ಅವರ ದುಡಿಮೆಯನ್ನು ಲೋಕಕ್ಕೆ ತೋರಿದವು ಮನೆತನದ ಕಾಗದಪತ್ರಗಳು.

1766ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ಒಕ್ಕಲು ಮನೆತನದಲ್ಲಿ ಜನಿಸಿದ ಈಕೆ 1790ರಲ್ಲಿ ಪತಿಯೊಡನೆ ಸಿಡ್ನಿಗೆ ಬಂದರು. ಹಡಗಿನಲ್ಲಿ ಹುಟ್ಟಿದ ಹೆಣ್ಣುಕೂಸು ಉಳಿಯಲಿಲ್ಲ. ಆ ದುರ್ಗಮ ಪಯಣದ ವೃತ್ತಾಂತವನ್ನು ಅವರು ದಿನಚರಿಯಲ್ಲಿ ಬರೆದಿಟ್ಟರು. 1793ರಲ್ಲಿ ಪ್ಯಾರಮಟ್ಟಾದಲ್ಲಿ ಸರಕಾರ ಕೊಟ್ಟ ನೂರು ಎಕರೆಯಲ್ಲಿ ಬೇಸಾಯ ಮೊದಲಾಯಿತು. ಆ ನೆಲ ಮೂಲತಃ ಧರುಗ್ ಜನರದೆಂಬುದನ್ನು ಮರೆಯಲಾಗದು.

ಗವರ್ನರನನ್ನು ಪದಚ್ಯುತಗೊಳಿಸಿದ ದಂಗೆಯಲ್ಲಿ ಸಿಲುಕಿ 1809ರಲ್ಲಿ ದೇಶ ಬಿಟ್ಟ ಪತಿ 1817ರವರೆಗೆ ಮರಳಲಾಗಲಿಲ್ಲ. ಆ ಎಂಟು ವರ್ಷ ಮೆರಿನೋ ಕುರಿಮಂದೆಯ ಪೋಷಣೆ, ಆಳುಗಳ ಮೇಲ್ವಿಚಾರಣೆ, ಲೆಕ್ಕಪತ್ರ, ಮಕ್ಕಳ ಪಾಲನೆಗಳ ಭಾರವನ್ನೆಲ್ಲ ಎಲಿಜಬೆತ್ ಹೊತ್ತರು. ಕಡಲಾಚೆಯಿಂದ ಪತಿ ಕೃತಜ್ಞತೆಯಿಂದ ಬರೆದ ಓಲೆಗಳೇ ಅದಕ್ಕೆ ಸಾಕ್ಷಿ.

1850ರಲ್ಲಿ ಆಕೆ ಕಾಲವಶರಾದರು. ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿ ಆ ಓಲೆಗಳು ಇಂದಿಗೂ ಸುರಕ್ಷಿತವಾಗಿವೆ. ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿರುವ ಹಳೆಯ ಕಾಗದಗಳನ್ನು ಗೆದ್ದಲಿಗೆ ಬಿಡುವ ಮುನ್ನ, ಅವುಗಳಲ್ಲಿ ಯಾರ ದುಡಿಮೆ ಅಡಗಿದೆಯೆಂದು ಒಮ್ಮೆ ಓದಿ ನೋಡುವುದು ಉಚಿತ.